ಕಡಿವಾಣಕ್ಕೆ ಒರಗುವ ಕುದುರೆ

ಲಕ್ಷ್ಮೇಶ್ವರವು ಪುಲಿಗೆರೆ ಎನಿಸಿಕೊಂಡಿದ್ದ ಕಾಲದಲ್ಲಿ ಗದಗ ಸೀಮೆಯನ್ನು ಆಳಿದವರು ಕಲ್ಯಾಣದ ಚಾಲುಕ್ಯರು. ಆ ವಂಶದ ಮೂರನೆಯ ಸೋಮೇಶ್ವರನ (1126–1138) ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಕುದುರೆ ಓಡಿಸುವ ವಿನೋದಕ್ಕೆಂದೇ ಒಂದು ಭಾಗವಿದೆ. ಅರಸನ ಕುದುರೆಯಾಗಲಿ, ಟಾಂಗಾದ ಕುದುರೆಯಾಗಲಿ, ಕಡಿವಾಣದ ಮೇಲೆ ಭಾರ ಹಾಕಿ ನುಗ್ಗಿದರೆ ಎದುರಾಗುವ ಪ್ರಶ್ನೆ ಒಂದೇ: ಇದಕ್ಕೆ ಎಂಥ ಕಡಿವಾಣ ಸರಿ?

ಕುದುರೆಯ ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಬರಿಯ ವಸಡಿನ ತೆರಪಿದೆ. ಕಡಿವಾಣದ ಸರಳು ಕೂರುವುದು ಅಲ್ಲಿ, ನಾಲಿಗೆಯ ಮೇಲೆ. ನಿಂತ ಕುದುರೆಯ ಭಾರದಲ್ಲಿ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಓಟದಲ್ಲಿ ಅದು ಇನ್ನೂ ಮುಂದಕ್ಕೆ ವಾಲಿದಾಗ ಸವಾರ ಲಗಾಮನ್ನು ಬಿಗಿಹಿಡಿದರೆ, ಆ ಬಿಗಿತವೇ ಅದಕ್ಕೆ ಊರುಗೋಲಾಗುತ್ತದೆ.

ಆಗ ಹೆಚ್ಚಿನವರಿಗೆ ತೋಚುವುದು ಇನ್ನೂ ಕಠಿಣವಾದ ಕಡಿವಾಣ. ತೆಳು ಸರಳು ಒಂದೇ ಕಡೆ ಒತ್ತಿ ನೋಯಿಸುತ್ತದೆ. ಉದ್ದ ಕಡ್ಡಿಗಳೂ ಗದ್ದದಡಿ ಸರಪಳಿಯೂ ಇರುವ ಕಡಿವಾಣ ಸನ್ನೆಕೋಲಿನಂತೆ ಕೈಬಲವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ನೋವು ತಾಳದೆ ಕುದುರೆ ತಲೆ ಎತ್ತಬಹುದು, ಇಲ್ಲವೇ ಮತ್ತಷ್ಟು ನುಗ್ಗಬಹುದು.

ಮೊದಲು ಹಲ್ಲು, ಬಾಯಿ ಪರೀಕ್ಷಿಸಬೇಕು. ಸರಳಿನ ಅಗಲ ತುಟಿಯನ್ನು ಚಿವುಟದಂತೆ, ಅತ್ತಿತ್ತ ಜಾರದಂತೆ ಇರಬೇಕು. ನಡುವೆ ಕೀಲು, ಎರಡೂ ಬದಿಗೆ ಸಡಿಲ ಬಳೆಗಳಿದ್ದರೆ ಅದು ಬಾಯಲ್ಲಿ ಆಡುತ್ತಿರುತ್ತದೆ. ಒರಗಲು ಗಟ್ಟಿ ಆಸರೆ ಸಿಗದು. ಲಗಾಮನ್ನು ಕ್ಷಣ ಹಿಡಿದು, ಕುದುರೆ ಸಡಿಲಿಸಿದೊಡನೆ ಬಿಡುವುದು ಸವಾರನ ಕೆಲಸ. ಹಿಂಗಾಲುಗಳ ಮೇಲೆ ಭಾರ ಹೊರುವುದನ್ನು ನಿಧಾನವಾಗಿ ಕಲಿಸಬೇಕು.

ಶಿರಹಟ್ಟಿ, ಮುಂಡರಗಿಯ ಒಕ್ಕಲಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಗುದಾರವನ್ನು ಸದಾ ಜಗ್ಗಿದರೆ ಮೂಗು ಹುಣ್ಣಾದೀತು, ಎತ್ತು ಪಳಗದು.