ಎಲ್ಲ ಕೆಂಪೂ ಉಷ್ಣವಲ್ಲ

ನಾಯಿಮರಿ ಉಚ್ಚೆ ಹೊಯ್ದ ಜಾಗವನ್ನು ಒರೆಸಿದ ಬಟ್ಟೆ ಕೆಂಪಾದರೆ, ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ತೀರ್ಪು ‘ಉಷ್ಣ ಆಗಿದೆ’ ಎಂಬುದು. ಎಳನೀರು, ಬಾರ್ಲಿ ನೀರು, ಮಜ್ಜಿಗೆ ಬಟ್ಟಲಿಗೆ ಬೀಳುತ್ತವೆ. ಧೈರ್ಯ ಹೆಚ್ಚಿದ್ದವರು ಮನೆಮಂದಿ ಬಳಸಿ ಉಳಿದ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಅರ್ಧ ಮುರಿದು ನುಂಗಿಸುತ್ತಾರೆ. ಒಂದು ಬಟ್ಟಲು ಮಜ್ಜಿಗೆಯಿಂದ ಮರಿಗೆ ದೊಡ್ಡ ಕೇಡೇನೂ ಇಲ್ಲ. ಅದನ್ನು ನೆಚ್ಚಿಕೊಂಡು ಕಳೆಯುವ ಎರಡು ದಿನಗಳಿಂದ ಇದೆ. ಕೆಂಪು ಒಂದು ರೋಗದ ಹೆಸರಲ್ಲ. ಅದು ರಕ್ತವೇ ಹೌದೇ, ಹೌದಾದರೆ ಎಲ್ಲಿಂದ ಬಂತು ಎಂದು ತಿಳಿಯುವ ಮೊದಲೇ ಕೊಡುವ ಮದ್ದು ಕತ್ತಲಲ್ಲಿ ಎಸೆದ ಕಲ್ಲು.

ಇದನ್ನು ತಿಳಿಯುವ ಮೊದಲ ಹೆಜ್ಜೆ ಸರಳವಾದದ್ದು. ಪಶು ಆಸ್ಪತ್ರೆಯಲ್ಲಿ ಮೂತ್ರವನ್ನು ಗಾಜಿನ ಕೊಳವೆಗೆ ಹಾಕಿ ಯಂತ್ರದಲ್ಲಿ ಗಿರ್ರನೆ ತಿರುಗಿಸುತ್ತಾರೆ. ಕೆಂಪೆಲ್ಲ ತಳಕ್ಕಿಳಿದು ಮೇಲಿನದು ತಿಳಿಯಾದರೆ ಬಂದಿರುವುದು ಇಡೀ ರಕ್ತಕಣ. ಮೂತ್ರಪಿಂಡದಿಂದ ಹೊರಬಾಗಿಲವರೆಗಿನ ದಾರಿಯಲ್ಲಿ ಎಲ್ಲೋ ರಕ್ತ ಒಸರುತ್ತಿದೆ. ಸೋಂಕು, ಕಲ್ಲು, ಬಿದ್ದ ಪೆಟ್ಟು ಇವೆಲ್ಲ ಈ ಗುಂಪಿನವು. ತಿರುಗಿಸಿದ ಮೇಲೂ ಕೆಂಪು ಹಾಗೆಯೇ ಉಳಿದರೆ ಕಥೆ ಬೇರೆ: ರಕ್ತಕಣಗಳು ಮೈಯೊಳಗೇ ಒಡೆದು ಅವುಗಳ ಬಣ್ಣ ಮಾತ್ರ ಸೋರುತ್ತಿರಬಹುದು. ಉಣ್ಣಿ ಕಚ್ಚಿದಾಗ ಒಳಹೊಗುವ ಬೇಬಿಸಿಯಾ ಎಂಬ ಪರೋಪಜೀವಿ ಮಾಡುವುದು ಇದನ್ನೇ. ಸಾಂಬಾರಿನ ಈರುಳ್ಳಿ ಹೆಚ್ಚಾಗಿ ತಿಂದರೂ ಹೀಗಾಗಬಹುದು. ಆಗ ಉಚ್ಚೆ ಕಾಫಿ ಡಿಕಾಕ್ಷನ್ನಿನಂತೆ ಕಾಣುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ ಅಥವಾ ಹಳದಿಯಾಗುತ್ತದೆ. ಬಣ್ಣ ಬದಲಿಸುವ ಪರೀಕ್ಷಾಪಟ್ಟಿ ಎರಡಕ್ಕೂ ಒಂದೇ ಉತ್ತರ ಕೊಡುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಇನ್ನು ಇಲಿ ಪಾಷಾಣ. ಬ್ರೋಮಾಡಿಯೋಲೋನ್‌ನಂಥ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಆದರೆ ರಕ್ತಸ್ರಾವ ಕಾಣಿಸುವುದು ಸಾಮಾನ್ಯವಾಗಿ 3ರಿಂದ 5 ದಿನ ಕಳೆದ ಮೇಲೆ. ಅಷ್ಟರಲ್ಲಿ ಅಟ್ಟದ ಮೇಲಿಟ್ಟ ಬಿಲ್ಲೆಯನ್ನು ಮನೆಯವರೇ ಮರೆತಿರುತ್ತಾರೆ. ವಿಟಮಿನ್ ಕೆ1 ಸಕಾಲಕ್ಕೆ ಸಿಕ್ಕರೆ ಮರಿ ಉಳಿಯಬಲ್ಲದು. ಎಳನೀರು ಇಲ್ಲಿ ಏನು ಮಾಡೀತು?

‘ಹೆಣ್ಣುಮರಿಗಳಿಗೆ ಬರುವುದು ಹೆಚ್ಚಾಗಿ ಸೋಂಕೇ ತಾನೆ, ಮಾತ್ರೆ ಕೊಟ್ಟರೆ ತಪ್ಪೇನು?’ ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಪದೇಪದೇ ಕುಳಿತು ನಾಲ್ಕೇ ಹನಿ ಹೊಯ್ಯುವ ಮರಿಗೆ ಸೋಂಕಿರುವ ಸಾಧ್ಯತೆ ನಿಜಕ್ಕೂ ಹೆಚ್ಚು. ಆದರೆ ಅರ್ಧ ಮಾತ್ರೆ ಸೋಂಕನ್ನು ಅಡಗಿಸುತ್ತದೆ, ಅಳಿಸುವುದಿಲ್ಲ. ಮುಂದೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯನ್ನೂ ಕೆಡಿಸುತ್ತದೆ. ಸೋಂಕು ಮರುಕಳಿಸುತ್ತಿದ್ದರೆ ಮೂತ್ರನಾಳದಲ್ಲಿ ಹುಟ್ಟಿನಿಂದಲೇ ದೋಷವಿರಬಹುದು. ಆರು ತಿಂಗಳು ದಾಟಿದ ಹೆಣ್ಣುಮರಿಗಾದರೆ ಅದು ಮೊದಲ ಬೆದೆಯೂ ಇರಬಹುದು, ಚಿಕಿತ್ಸೆಯೇ ಬೇಡದ್ದು. ‘ಆಡಿಕೊಂಡೇ ಇದೆಯಲ್ಲ’ ಎಂಬ ಸಮಾಧಾನ ಅರ್ಧ ಮಾತ್ರೆಗಿಂತಲೂ ಅಪಾಯದ್ದು. ನಾಯಿಯ ಮೈಯಲ್ಲಿ ಕಿಲೋ ತೂಕಕ್ಕೆ ಸುಮಾರು 80–90 ಮಿಲಿಲೀಟರ್ ರಕ್ತವಿರುತ್ತದೆ. ಎರಡು ಕಿಲೋ ಮರಿಯ ಇಡೀ ರಕ್ತ ಒಂದು ಲೋಟ ತುಂಬುವುದೂ ಕಷ್ಟ.

ಆದ್ದರಿಂದ ಮದ್ದಿಗಿಂತ ಮೊದಲು ಮಾದರಿ. ಬೆಳಗಿನ ಉಚ್ಚೆಯನ್ನು ತೊಳೆದು ಒಣಗಿಸಿದ ಹಳೆಯ ಸೌಟಿನಲ್ಲಿ ಹಿಡಿದು, ಮುಚ್ಚಳದ ಶೀಶೆಗೆ ಸುರಿದು, ಒಂದೆರಡು ಗಂಟೆಯೊಳಗೆ ವೈದ್ಯರಿಗೆ ತಲುಪಿಸಬೇಕು. ಮೈಮೇಲೆ ಉಣ್ಣಿ ಇದೆಯೇ, ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದಿರೇ, ಯಾವ ಲಸಿಕೆ ಆಗಿದೆ ಎಂಬುದನ್ನು ಅವರು ಕೇಳುವ ಮೊದಲೇ ಹೇಳುವುದೊಳ್ಳೆಯದು. ಕುಡಿಯಲು ನೀರು ಧಾರಾಳವಾಗಿರಲಿ. ನೋವೆಂದು ಪ್ಯಾರಸಿಟಮಾಲ್, ಐಬುಪ್ರೊಫೆನ್ ಮುಟ್ಟಿಸಬಾರದು. ಇಲಿಜ್ವರ ನಾಯಿಯ ಮೂತ್ರದಿಂದ ಮನುಷ್ಯರಿಗೂ ಅಂಟಬಲ್ಲದಾದ್ದರಿಂದ ಕೈಗವಸು ಹಾಕಿಯೇ ನೆಲ ಒರೆಸಬೇಕು. ತಿಣುಕಿ ತಿಣುಕಿ ಒಂದು ಹನಿಯೂ ಬಾರದ ಮರಿಗೆ ಮಾತ್ರ ಮಾದರಿಗಾಗಿ ಕಾಯುವಂತಿಲ್ಲ. ಕಲ್ಲು ದಾರಿ ಕಟ್ಟಿದ್ದರೆ ಬೆಳಗಾಗುವುದರೊಳಗೆ ಪ್ರಾಣಕ್ಕೇ ಸಂಚಕಾರ, ನಡುರಾತ್ರಿಯಾದರೂ ಹೊರಡಬೇಕು.