ಬೂಸ್ಟು ಹಿಡಿದಂತೆ ಕಾಣುವ ಎರಡು ಹುಳ

ಸಮೀರವಾಡಿಯ ಕಬ್ಬಿಗೂ ಮದ್ರಾಸಿನ ವೈದ್ಯರೊಬ್ಬರ ಹುಳದ ಹುಚ್ಚಿಗೂ ನಂಟಿದೆ ಎಂದರೆ ಹೊಲದಲ್ಲಿ ನೀರು ಹಾಯಿಸುವವರು ನಕ್ಕಾರು. ನಂಟು ದೂರದ್ದು, ಆದರೆ ಸುಳ್ಳಲ್ಲ.

1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ ಲಂಡನ್ನಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರ ಬರೆಯತೊಡಗಿದರು. ಮದ್ರಾಸಿನ ಬಳಿ ತಮಗೊಂದು ಹುಳ ಸಿಕ್ಕಿದೆ, ಅದು ಕೆಂಪು ಬಣ್ಣ ಕೊಡುವ ಕೊಚಿನೀಲ್ ಜಾತಿಯದಿರಬಹುದು ಎಂಬುದು ಅವರ ಆಸೆ. ಆ ಕಾಲಕ್ಕೆ ಕೊಚಿನೀಲ್ ಎಂದರೆ ಸ್ಪೇನಿನವರ ಖಜಾನೆ. ಮೆಕ್ಸಿಕೋದಲ್ಲಿ ಕಳ್ಳಿಯ ಮೇಲೆ ಸಾಕಿದ ಹುಳವನ್ನು ಒಣಗಿಸಿ ಮಾರುತ್ತಿದ್ದರು. ಒಂದು ಪೌಂಡ್ ತೂಗಲು ಸುಮಾರು 70,000 ಹುಳ ಬೇಕು. 1777ರಲ್ಲಿ ಥಿಯರಿ ದ ಮೆನನ್‌ವಿಲ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞರು ಮೆಕ್ಸಿಕೋದ ವಹಾಕಾಕ್ಕೆ ಹೋಗಿ, ಹುಳ ಕೂತ ಕಳ್ಳಿಯನ್ನೇ ಕದ್ದು ತಂದಿದ್ದರು. ವಿಜ್ಞಾನಿಗಳ ಕೊಡುಕೊಳ್ಳುವಿಕೆ ಎನ್ನುತ್ತೇವೆ. ಅದರಲ್ಲಿ ಕಳ್ಳತನದ ಪಾಲೂ ದೊಡ್ಡದಿತ್ತು.

ಉಳಿದದ್ದು ನಿಜಕ್ಕೂ ಕೊಡುಕೊಳ್ಳುವಿಕೆಯೇ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್‌ರ ಶಿಷ್ಯ ಕೊಯೆನಿಗ್ 1768ರಿಂದ ತರಂಗಂಬಾಡಿಯಲ್ಲಿದ್ದು ಗಿಡಗಳನ್ನೂ ಕೀಟಗಳನ್ನೂ ಯುರೋಪಿಗೆ ಕಳಿಸಿದರು. ನಮ್ಮ ನಾಡಿನ ಎಷ್ಟೋ ಕೀಟಗಳಿಗೆ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ ಹೆಸರಿಟ್ಟದ್ದು ಹಾಗೆ ಹಡಗು ಹತ್ತಿ ಹೋದ ಪೆಟ್ಟಿಗೆಗಳನ್ನು ನೋಡಿ. ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೈನೆ ದಕ್ಷಿಣ ಭಾರತದಲ್ಲಿ ಕೂಡಿಸಿದ ಗಿಡಗಳ ಆಧಾರದ ಮೇಲೆ ಜರ್ಮನಿಯ ರಾತ್ 1821ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಬಿಸಿಲಲ್ಲಿ ಅಲೆದು ಗಿಡ ಕಿತ್ತು ತಂದ ಕೂಲಿಗಳ ಹೆಸರು ಮಾತ್ರ ಗಿಡಗಳಿಗೆ ಅಂಟಿಸಿದ ಚೀಟಿಗಳಲ್ಲಿ ಸಿಗುವುದು ಅಪರೂಪ.

ಕೊಚಿನೀಲ್ ಕೊನೆಗೂ ಬಂತು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ರಿಯೊ ಡಿ ಜನೈರೊದಿಂದ ಜೀವಂತ ಹುಳಗಳನ್ನು ಕಲ್ಕತ್ತೆಗೆ ತಂದರು. ಬಂದದ್ದು ಬೇರೆ ಜಾತಿ, ಬಣ್ಣ ಕಳಪೆ. ಆದರೆ ಆ ಹುಳಕ್ಕೆ ಹಸಿವು ಬಲವಾಗಿತ್ತು. ಪಾಪಾಸುಕಳ್ಳಿಯ ಒಂದು ಜಾತಿಯನ್ನು ಅದು ಹಿಂಡಿ ಒಣಗಿಸಿಬಿಟ್ಟಿತು. ಇದನ್ನು ಕಂಡವರಿಗೆ ಹೊಸ ಯೋಚನೆ ಹೊಳೆಯಿತು. 1836–38ರಲ್ಲಿ ಅದೇ ಹುಳವನ್ನು ಬೇಕೆಂದೇ ದಕ್ಷಿಣಕ್ಕೆ ತಂದು ಕಳ್ಳಿಯ ಮೇಲೆ ಬಿಟ್ಟರು. ಕಳೆಯನ್ನು ಹುಳದಿಂದ ಕೊಲ್ಲಿಸುವ ಕೆಲಸಕ್ಕೆ ಜಗತ್ತಿನಲ್ಲೇ ಇದು ಮೊದಲ ಮೇಲ್ಪಂಕ್ತಿ. ಮುಂದೆ ಇನ್ನೊಂದು ಜಾತಿಯ ಕಳ್ಳಿ ಹಬ್ಬಿದಾಗ, 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಕೊಚಿನೀಲ್ ತರಿಸಿದರು. ಕಳ್ಳಿಯ ಮೇಲೆ ಬಿಳಿ ಬೂಸ್ಟಿನಂತೆ ಅಂಟಿರುವುದನ್ನು ಬೆರಳಿನಿಂದ ಹೊಸಕಿ ನೋಡಿ: ಬೆರಳು ರಕ್ತಗೆಂಪಾಗುತ್ತದೆ.

ಕಬ್ಬು ಓಡಾಡಿದ್ದೂ ಇದೇ ದಾರಿಯಲ್ಲಿ. 1796ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ವಿಲಿಯಂ ರಾಕ್ಸ್‌ಬರ್ಗ್ ಚೀನಾದ ಕ್ಯಾಂಟನ್‌ನಿಂದ ಗಟ್ಟಿ ಕಬ್ಬೊಂದನ್ನು ತರಿಸಿಕೊಂಡರು. ಗೆದ್ದಲಿಗೂ ನರಿಗೂ ಬಗ್ಗದ ಕಬ್ಬು ಎಂದು ಅದಕ್ಕೆ ಹೆಸರು. 1912ರಲ್ಲಿ ಶುರುವಾದ ಕೊಯಮತ್ತೂರು ಕಬ್ಬು ತಳಿ ಕೇಂದ್ರದಲ್ಲಿ ವಿಜ್ಞಾನಿಗಳಾದ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ರಸಗಬ್ಬಿಗೆ ಕಾಡುಕಬ್ಬನ್ನು ಬೆರೆಸಿ ಕೋ 205 ತಳಿ ತೆಗೆದರು. ಈ ಸೀಮೆಯ ರೈತರು ನಂಬರಿನಿಂದಲೇ ಕರೆಯುವ 86032 ಕೂಡ ಕೊಯಮತ್ತೂರಿನ ಕೂಸೇ.

ಇನ್ನು ಎರಡನೆಯ ಬಿಳಿ ಹುಳ. 2002ರ ಜುಲೈನಲ್ಲಿ ಸಾಂಗ್ಲಿ ಜಿಲ್ಲೆಯಲ್ಲಿ ಕಾಣಿಸಿದ ಬಿಳಿ ಉಣ್ಣೆ ಹೇನು, ಕೆಲವೇ ತಿಂಗಳಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬಿಗೆ ಇಳಿಯಿತು. 1897ರಲ್ಲೇ ಜಾವಾದಲ್ಲಿ ಝೆಂಟ್ನರ್ ಗುರುತಿಸಿ ಹೆಸರಿಟ್ಟಿದ್ದ ಹುಳ ಇದು. 1958ರಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡಿತ್ತು. ಎಲೆಯ ಅಡಿಯಲ್ಲಿ ನಡುದಿಂಡಿನ ಎರಡೂ ಬದಿಗೆ ಬಿಳಿ ಉಣ್ಣೆ. ಅದು ಸುರಿಸುವ ಅಂಟು ಕೆಳಗಿನ ಎಲೆಗಳಿಗೆ ಬಿದ್ದು, ಅದರ ಮೇಲೆ ಕಪ್ಪು ಬೂಸ್ಟು ಬೆಳೆದು, ಇಡೀ ಹೊಲ ಮಸಿ ಬಳಿದಂತಾಗುತ್ತದೆ. ಆಳೆತ್ತರ ಮೀರಿದ ಕಬ್ಬಿನೊಳಗೆ ನುಗ್ಗಿ ಔಷಧಿ ಹೊಡೆಯುವುದು ಯಾರಿಂದ ಸಾಧ್ಯ?

ಹೇನಿನ ಬೆನ್ನಿಗೇ ಡಿಫಾ ಎಂಬ ಪತಂಗ ಕಾಣಿಸಿಕೊಂಡಿತು. ಅದರ ಮರಿಹುಳ ಹೇನಿನ ಗುಂಪಿನ ನಡುವೆಯೇ ನೂಲಿನ ಬಲೆ ಹೆಣೆದು, ಒಳಗೆ ಕೂತು ಹೇನು ತಿನ್ನುತ್ತದೆ. ಮೈಕ್ರೊಮಸ್ ಎಂಬ ಇನ್ನೊಂದು ಕೀಟ ಜೊತೆಯಾಯಿತು. ವಿಜ್ಞಾನಿಗಳು ಅಸ್ಸಾಮಿನಿಂದ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜವನ್ನೂ ತರಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬೆಂಗಳೂರಿನ ಜೈವಿಕ ನಿಯಂತ್ರಣ ನಿರ್ದೇಶನಾಲಯದವರು ಹೇಳಿಕೊಟ್ಟ ಉಪಾಯ ಸರಳ: ನೆರಳು ಪರದೆಯ ಕೆಳಗೆ ಡಿಫಾ ಬೆಳೆಸುವುದು, ಮರಿಹುಳವಿರುವ ಎಲೆಯ ತುಂಡನ್ನು ಕತ್ತರಿಸಿ ಇನ್ನೊಂದು ಹೊಲದ ಎಲೆಗೆ ಸಿಕ್ಕಿಸುವುದು. ಹೆಕ್ಟೇರಿಗೆ ಸಾವಿರ ಹುಳ ಸಾಕು. ಹಡಗಿನಲ್ಲಿ ಆರು ತಿಂಗಳು ತೆಗೆದುಕೊಳ್ಳುತ್ತಿದ್ದ ಕೆಲಸ ಬೈಕಿನ ಹಿಂದಿನ ಸೀಟಿನಲ್ಲಿ ಬೆಳಗಿನೊಳಗೆ ಮುಗಿಯಿತು. ನನ್ನ ಮಟ್ಟಿಗೆ, ಆಂಡರ್ಸನ್ ಕಾಲದ ಖಯಾಲಿಗೆ ನಿಜವಾದ ಬೆಲೆ ಬಂದದ್ದು ಇಲ್ಲಿ. ಬಣ್ಣದ ಲಾಭಕ್ಕೆ ಹುಳ ಹುಡುಕಿದವರಿಗಿಂತ ಬೆಳೆ ಉಳಿಸಲು ಹುಳ ಹಂಚಿಕೊಂಡವರು ದೊಡ್ಡವರು.

ಸಮೀರವಾಡಿ, ಮಹಾಲಿಂಗಪುರ, ಬನಹಟ್ಟಿ ಸುತ್ತಿನ ಕಬ್ಬು ಬೆಳೆಗಾರರಲ್ಲಿ ಒಂದು ಮಾತು. ಎಲೆಯ ಅಡಿ ಬಿಳಿ ಕಂಡ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ. ನಾಲ್ಕಾರು ಎಲೆ ಮಗುಚಿ ನೋಡಿ. ಉಣ್ಣೆಯ ನಡುವೆ ನೂಲಿನ ಬಲೆ, ಅದರೊಳಗೆ ಹುಳ ಕಂಡರೆ ಪಂಪು ಇಳಿಸಿಡಿ. ಹೇನು ಹತ್ತಿದ ಹೊಲದಿಂದ ಬೀಜವನ್ನೂ ಸೋಗೆಯನ್ನೂ ಬೇರೆ ಊರಿಗೆ ಸಾಗಿಸಬೇಡಿ.