ಒಂದೇ ತೂಕ, ಒಂದೇ ವೇಗ

ತುಂಗಭದ್ರೆಯ ದಡದ ಸಿರುಗುಪ್ಪದಲ್ಲಿ ಭತ್ತದ ಬೆಳೆ ಹೆಚ್ಚು. ಆ ಭತ್ತವನ್ನು ಸೇರಿನಿಂದ ಅಳೆದವರು ಒಂದು ಸಂಗತಿಯನ್ನು ಬಲ್ಲರು. ಮೆಲ್ಲನೆ ಸುರಿದ ಸೇರಿಗಿಂತ ಕುಲುಕಿ ತುಂಬಿದ ಸೇರಿನಲ್ಲಿ ಕಾಳು ಹೆಚ್ಚು ಹಿಡಿಯುತ್ತದೆ. ಪಾತ್ರೆ ಒಂದೇ, ತೂಕ ಬೇರೆ. ವ್ಯಾಪಾರದಲ್ಲಿ ಇದರಿಂದಾಗುವ ನಷ್ಟ ಒಂದು ಹಿಡಿ ಕಾಳು. ಬಂದೂಕಿನ ತೋಟಾಕ್ಕೆ ಕೈಯಿಂದ ಮದ್ದು ತುಂಬುವವನಿಗಾದರೋ ಇದೇ ವ್ಯತ್ಯಾಸ ಗುರಿಯನ್ನು ತಪ್ಪಿಸುತ್ತದೆ. ಮದ್ದು ಮಿತಿಮೀರಿದರೆ ನಳಿಗೆಯೇ ಸಿಡಿದು ಪ್ರಾಣಕ್ಕೆ ಅಪಾಯವಾದೀತು.

ತೋಟಾದಲ್ಲಿರುವುದು ನಾಲ್ಕೇ ಭಾಗ: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಮದ್ದು ಉರಿದು ಅನಿಲವಾಗಿ ಗುಂಡನ್ನು ನೂಕುತ್ತದೆ. ಮದ್ದಿನ ಪ್ರಮಾಣ ಬದಲಾದರೆ ಒತ್ತಡವೂ, ಒತ್ತಡ ಬದಲಾದರೆ ವೇಗವೂ ಬದಲಾಗುತ್ತವೆ. ಆದಕಾರಣ ನಿಪುಣರು ಮದ್ದನ್ನು ಅಳೆಯುವುದಕ್ಕಿಂತ ತೂಗುವುದನ್ನೇ ನೆಚ್ಚುತ್ತಾರೆ. ಅವರ ಮಾನ ಗ್ರೇನ್. ಅದು ಸುಮಾರು 65 ಮಿಲಿಗ್ರಾಂ, ಅಂದರೆ ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧದಷ್ಟು.

ವೇಗದ ಅಲ್ಪ ವ್ಯತ್ಯಾಸ ಎಷ್ಟು ಕೆಡಿಸುತ್ತದೆಂಬುದನ್ನು ಲೆಕ್ಕ ಹಾಕೋಣ. ಗಾಳಿಯ ತಡೆಯನ್ನು ಬಿಟ್ಟರೆ, ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 300 ಮೀಟರ್ ದೂರವನ್ನು 0.375 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಅಷ್ಟರಲ್ಲಿ ಅದು ಗುರುತ್ವದಿಂದ 69 ಸೆಂಟಿಮೀಟರ್ ಕೆಳಗಿಳಿಯುತ್ತದೆ. ವೇಗ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಈ ಇಳಿತ ಸುಮಾರು 1.4 ಸೆಂಟಿಮೀಟರ್ ಕಡಿಮೆಯಾಗುತ್ತದೆ. ದೂರವನ್ನು 600 ಮೀಟರಿಗೆ ಏರಿಸಿದರೆ ವ್ಯತ್ಯಾಸ ನಾಲ್ಕು ಪಟ್ಟಾಗಿ ಸುಮಾರು 5.4 ಸೆಂಟಿಮೀಟರಿಗೆ ಬೆಳೆಯುತ್ತದೆ. ಗಾಳಿಯನ್ನೂ ಸೇರಿಸಿದರೆ ಇನ್ನೂ ಹೆಚ್ಚು.

ಮದ್ದನ್ನು ಸರಿಯಾಗಿ ತೂಗಿದ ಮಾತ್ರಕ್ಕೆ ಕೆಲಸ ಮುಗಿಯದು. ಕೋಶದ ಒಳಗಾತ್ರ, ಅದರ ಕೊರಳು ಗುಂಡನ್ನು ಹಿಡಿದಿರುವ ಬಿಗಿ, ಗುಂಡು ಒಳಗೆ ಕುಳಿತ ಆಳ, ಇವೆಲ್ಲವೂ ಒಂದೇ ತೆರನಾಗಿರಬೇಕು. ಬಿಸಿಲಿನಲ್ಲಿ ಕಾದ ತೋಟಾ ಸಾಮಾನ್ಯವಾಗಿ ಹೆಚ್ಚು ವೇಗ ಕೊಡುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಇದು ಕಡೆಗಣಿಸುವ ಮಾತಲ್ಲ. ನಮ್ಮ ದೇಶದಲ್ಲಿ ಮದ್ದುಗುಂಡು ತಯಾರಿಸಲು 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕು. ವಾಚಕರು ಈ ವಿಷಯವನ್ನು ಕಾಗದದ ಮೇಲೆ ಪರೀಕ್ಷಿಸಿದರೆ ಸಾಕು.

ಗುಂಡಿನ ವೇಗವನ್ನು ಅಳೆಯುವ ಉಪಾಯವನ್ನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರ ತನ್ನ ಗ್ರಂಥದಲ್ಲಿ ವಿವರಿಸಿದನು. ತೂಗುಹಾಕಿದ ಮರದ ಹಲಗೆಗೆ ಗುಂಡು ಹೊಡೆದು, ಅದು ಎಷ್ಟು ದೂರ ತೂಗಿತೆಂಬುದರಿಂದ ವೇಗವನ್ನು ಕಂಡುಹಿಡಿಯುವ ಉಪಾಯವದು. ಕಾಲೇಜಿನ ಭೌತಶಾಸ್ತ್ರದಲ್ಲಿ ಅದು ಇಂದಿಗೂ ಉಳಿದಿದೆ.

ಇನ್ನೊಂದು ಭೇದವನ್ನು ತಿಳಿಯಬೇಕು. ಗುಂಡುಗಳೆಲ್ಲ ಒತ್ತಾಗಿ ಬಿದ್ದು, ಗುರಿಯಿಂದ ಒಂದು ಗೇಣು ಎಡಕ್ಕಿದ್ದರೆ ಅದು ದೃಷ್ಟಿಸಾಧನದ ದೋಷ. ತಿರುಪು ತಿರುಗಿಸಿ ತಿದ್ದಬಹುದು. ಅವು ಚದರಿ ಬಿದ್ದರೆ ಯಾವ ತಿರುಪಿಗೂ ಅದು ಬಗ್ಗದು. ಚದರಿಕೆಯನ್ನು ಅಳೆಯಲು ಮೂರು ಗುಂಡು ಸಾಲವು. ಮೂರು ಒತ್ತಾಗಿ ಬೀಳುವುದು ಆಕಸ್ಮಿಕವೂ ಇರಬಹುದು. ಅದೇ ತೋಟಾಗಳಿಂದ ಇಪ್ಪತ್ತು ಹೊಡೆದು ನೋಡಿದರೆ ಆ ಚಿಕ್ಕ ಗುಂಪು ಸಾಮಾನ್ಯವಾಗಿ ಹಿಗ್ಗುತ್ತದೆ.